ಬಿರುಕು ಬಿಡದ ನೆಲ

ಯಂತ್ರ ಆಮೆಯ ಹಾಗೆ ತೆವಳುತ್ತಿತ್ತು. ಅದರ ಹೊಟ್ಟೆಯ ಅಡಿಯಲ್ಲಿ ಸಾಲಾಗಿ ಟೊಳ್ಳು ಸೂಜಿಗಳಿದ್ದವು, ಚಾಚಿದರೆ ಒಂದೊಂದೂ ಎರಡಾಳು ಉದ್ದ. ತುಸು ದೂರ ಹೋಗುವುದು, ನಿಲ್ಲುವುದು, ಸೂಜಿಗಳನ್ನು ನೆಲಕ್ಕೆ ಇಳಿಸುವುದು. ಆಗ ಬೂದು ಬಣ್ಣದ, ಅಂಬಲಿಯಂಥ ದ್ರವ ಕಪ್ಪು ಎರೆ ನೆಲದ ಒಳಕ್ಕೆ ಹೋಗುತ್ತಿತ್ತು. ಏಪ್ರಿಲ್ ಬಿಸಿಲಿಗೆ ಬಾಯಿಬಿಟ್ಟಿದ್ದ ಬಿರುಕುಗಳಲ್ಲಿ ಅದು ಮೆಲ್ಲಗೆ ಮೇಲೆದ್ದು ಬಂದು, ಅಂಚಿನಲ್ಲಿ ನಿಂತು, ನೋಡನೋಡುತ್ತಲೇ ಬಿಗಿಯುತ್ತಿತ್ತು. ಯಂತ್ರ ಓಡಾಡುತ್ತಿದ್ದದ್ದು ರಸ್ತೆಯ ಮೇಲೂ ಅಲ್ಲ, ಮನೆ ಕಟ್ಟುವ ಜಾಗದಲ್ಲೂ ಅಲ್ಲ. ಹೊಸ ಎಮ್ಮಿಗೇರಿಯ ರುದ್ರಭೂಮಿಯಲ್ಲಿ, ಸತ್ತವರ ಗದ್ದುಗೆಗಳ ನಡುವಿನ ಸಂದಿಗಳಲ್ಲಿ.

“ಕಾಕಾರ, ಇನ್ನೊಮ್ಮೆ ವಿಚಾರ ಮಾಡ್ರಿ,” ಎಂದಳು ಪಕ್ಕದಲ್ಲಿ ನಿಂತಿದ್ದ ಸಿಂಚನಾ ಕುಬಸದ. ಧಾರವಾಡದ ಮಣ್ಣು ವಿಜ್ಞಾನಿ. ಆ ದ್ರವವನ್ನು ಕಂಡುಹಿಡಿದವಳು ಅವಳೇ. “ಇದನ್ನ ರಸ್ತಾಕ್ಕ ಹಾಕಿ ನೋಡೀನಿ, ಮನಿ ಬುನಾದಿಗೆ ಹಾಕಿ ನೋಡೀನಿ. ಸುಡಗಾಡಕ್ಕ ಹಾಕಿಲ್ಲ. ಒಳಗ ಏನಾಕ್ಕೈತಿ ನನಗ ಗೊತ್ತಿಲ್ಲ.”

“ಒಳಗ ಏನಾಗೂದೈತಿ? ಸತ್ತವರು ಎದ್ದು ಬರ್ತಾರೇನು?” ಶೇಖಪ್ಪ ಗದರಿದ. “ಮೊದಲ ಹಿರ್ಯಾರ ಮನಿ, ಆಮ್ಯಾಲೆ ನಮ್ಮ ಮನಿ. ಒಪ್ಪಿಗಿದ್ರ ಊರಾಗ ಯಂತ್ರ ಬಿಡು. ಇಲ್ಲಂದ್ರ ಗಂಟು ಕಟಗೊಂಡು ಧಾರವಾಡಕ್ಕ ನಡಿ.”

ಶೇಖಪ್ಪ ಅರಹುಣಸಿ ಊರಿನ ಪಂಚಾಯಿತಿ ಅಧ್ಯಕ್ಷ. ಸಿಟ್ಟು ಅವನ ಮೂಗಿನ ತುದಿಯಲ್ಲೇ ಇರುತ್ತಿತ್ತು. ಆದರೆ ಆವತ್ತಿನ ಸಿಟ್ಟಿಗೆ ಕಾರಣವಿತ್ತು. ಮಲಪ್ರಭೆ ಹಳೆಯ ಎಮ್ಮಿಗೇರಿಯನ್ನು ನುಂಗಿದ ಮೇಲೆ ಸರಕಾರ ಊರನ್ನು ಎತ್ತರದ ಎರೆ ನೆಲಕ್ಕೆ ತಂದು ಕೂರಿಸಿತ್ತು. ಎರೆ ಮಣ್ಣಿನಲ್ಲಿ ಬಿಳಿಜೋಳ, ಕಡಲೆ, ಹತ್ತಿ ಎಷ್ಟು ಬೇಕಾದರೂ ಬೆಳೆ. ಮನೆ ಮಾತ್ರ ಕಟ್ಟಬೇಡ. ಅದರ ಕಣಗಳು ಹಾಳೆಯ ಮೇಲೆ ಹಾಳೆ ಪೇರಿಸಿಟ್ಟ ಹಾಗೆ ಇರುತ್ತವೆ. ಮಳೆಯಾದರೆ ಹಾಳೆಗಳ ನಡುವೆ ನೀರು ನುಗ್ಗಿ ಮಣ್ಣು ಉಬ್ಬುತ್ತದೆ, ಬಿಸಿಲಿಗೆ ಆರಿ ಕುಗ್ಗುತ್ತದೆ. ಉಬ್ಬಿದಾಗ ಗೋಡೆಯನ್ನು ಎತ್ತುತ್ತದೆ, ಕುಗ್ಗಿದಾಗ ಕೈಬಿಡುತ್ತದೆ. ಹೊಸ ಊರಿನಲ್ಲಿ ಚೌಕಟ್ಟಿಗೆ ಸರಿಯಾಗಿ ಕೂಡುವ ಬಾಗಿಲು ಒಂದೂ ಇರಲಿಲ್ಲ. ಮಂದಿ ಹೆಗಲು ಕೊಟ್ಟು ಬಾಗಿಲು ತೆರೆಯುತ್ತಿದ್ದರು, ಒದ್ದು ಮುಚ್ಚುತ್ತಿದ್ದರು.

ಅದನ್ನು ಶೇಖಪ್ಪ ಸಹಿಸಿಕೊಂಡಿದ್ದ. ಸಹಿಸಲಾಗದ್ದು ಬೇರೆಯದು. ಅವನ ಜನ ಸತ್ತವರನ್ನು ಸುಡುವುದಿಲ್ಲ. ಕುಣಿ ತೆಗೆದು, ಅದರ ಗೋಡೆಯಲ್ಲೊಂದು ಗೂಡು ಕೊರೆದು, ಕೈಯಲ್ಲಿ ಲಿಂಗವಿಟ್ಟು ಕೂರಿಸಿ, ವಿಭೂತಿ, ಬಿಲ್ವಪತ್ರೆ ತುಂಬಿ ಮಣ್ಣು ಕೊಡುತ್ತಾರೆ. ಹಿಂದಿನ ಬೇಸಿಗೆಯಲ್ಲಿ ಅವನ ಅವ್ವನ ಗದ್ದುಗೆ ಸೀಳಿ, ಕೆಳಗಿನ ನೆಲ ಬಿರಿದಿತ್ತು. ಶೇಖಪ್ಪ ಬಗ್ಗಿ ನೋಡಿದ. ನೋಡಬಾರದ್ದನ್ನು ನೋಡಿದ. ತಲೆಯ ಪಟಕಾ ಬಿಚ್ಚಿ ಬಿರುಕಿಗೆ ತುರುಕಿ ಮನೆಗೆ ಬಂದವನು ಅನ್ನ ಮುಟ್ಟಲಿಲ್ಲ. ಹೆತ್ತವಳನ್ನು ಮುಚ್ಚಿಡಲಾಗದ ನೆಲದ ಮೇಲೆ ಅಧ್ಯಕ್ಷನಾಗಿ ಏನು ಸಾಧಿಸಿದ ಹಾಗಾಯಿತು ಎಂದು ಅವನಿಗೆ ಅನ್ನಿಸಿತ್ತು.

ಸಿಂಚನಾ ಮೊದಲ ಸಲ ಊರಿಗೆ ಬಂದಾಗ ತನ್ನ ದ್ರವದ ಗುಟ್ಟನ್ನು ಎಲ್ಲರೆದುರು ಬಿಡಿಸಿ ಹೇಳಿದ್ದಳು. ಸಕ್ಕರೆ ಕಾರ್ಖಾನೆಯ ಬೂದಿ, ಹೊಳೆಗೆ ಬಿದ್ದ ಹಳೆಯ ಮನೆಗಳ ಇಟ್ಟಿಗೆ ಗಾರೆಯ ಪುಡಿ, ಪೇಟೆಯ ಮಂದಿ ನೀರು ಕುಡಿದು ಬಿಸಾಕಿದ ಬಾಟಲಿಗಳನ್ನು ಕರಗಿಸಿ ತೆಗೆದ ಸಣ್ಣ ಎಳೆ. ಇವುಗಳ ಜೊತೆಗೆ ಯೂರಿಯಾ ತಿಂದು ಸುಣ್ಣ ಕಟ್ಟುವ ಒಂದು ಸೂಕ್ಷ್ಮಜೀವಿ. ಸುಣ್ಣ ಮಣ್ಣಿನ ಹಾಳೆಗಳನ್ನು ಒಂದಕ್ಕೊಂದು ಅಂಟಿಸುತ್ತದೆ, ನೀರು ನುಗ್ಗಲು ಸಂದಿ ಉಳಿಯುವುದಿಲ್ಲ. ಎಳೆಗಳು ಗೋಡೆಯ ಕೆಸರಿಗೆ ಕಲಸಿದ ಹೊಟ್ಟಿನ ಹಾಗೆ ಎಲ್ಲವನ್ನೂ ಹಿಡಿದಿಡುತ್ತವೆ. ಎಲ್ಲಾದರೂ ಒಡೆದರೆ, ತೇವ ತಾಕಿದ ಕೂಡಲೇ ಮಲಗಿದ್ದ ಜೀವಿ ಎದ್ದು ಮತ್ತೆ ಸುಣ್ಣ ಕಟ್ಟಿ ಬೆಸೆಯುತ್ತದೆ. ಅವಳ ಕಾಗದಗಳಲ್ಲಿ ಅದಕ್ಕೊಂದು ಉದ್ದನೆಯ ಹೆಸರಿತ್ತು. ಮಂದಿ ಬಿಗಿಮಣ್ಣು ಎಂದರು. ಅದೇ ಉಳಿಯಿತು.

ಪ್ರಯೋಗಕ್ಕೆಂದು ಇಡೀ ಊರೊಂದನ್ನು ಅವಳ ಕೈಗೆ ಕೊಡುವವರು ಬೇರೆ ಯಾರೂ ಇರಲಿಲ್ಲ. ಆವತ್ತು ರುದ್ರಭೂಮಿಯಲ್ಲಿ ಸಿಂಚನಾ ಯಂತ್ರದ ಕಡೆ ನೋಡಿದಳು, ಶೇಖಪ್ಪನ ಕೆಂಪು ಕಣ್ಣು ನೋಡಿದಳು. ಮತ್ತೆ ಬೇಡ ಎನ್ನಲಿಲ್ಲ.

ಇದೆಲ್ಲ ನಡೆದದ್ದು ಎರಡು ಸಾವಿರದ ಐವತ್ತನೆಯ ಇಸವಿಯ ಆಸುಪಾಸಿನಲ್ಲಿ.

ಬಿಗಿಮಣ್ಣು ಹೇಳಿದ ಮಾತು ಉಳಿಸಿಕೊಂಡಿತು. ಮುಂದಿನ ಮಳೆಗಾಲದಲ್ಲಿ ಊರಿನ ಒಂದು ಗೋಡೆಯೂ ಸೀಳಲಿಲ್ಲ. ರಸ್ತೆ ಮಂಚದ ಹಲಗೆಯ ಹಾಗೆ ಮಟ್ಟಸವಾಗಿ ಉಳಿಯಿತು. ಕೆಸರಿನಲ್ಲಿ ಹೂತು ಹೋಗದೆ ಆಂಬುಲೆನ್ಸ್ ಮನೆ ಬಾಗಿಲಿಗೆ ಬಂತು. ಹೆರಿಗೆಗೆ ಹೋದವರು ಜೀವಂತ ತಿರುಗಿ ಬಂದರು. ಇದು ಸಣ್ಣ ಮಾತಲ್ಲ. ಬಿಗಿಮಣ್ಣನ್ನು ಬೈಯುವವರು ಇದನ್ನು ಮರೆತು ಬೈಯಬಾರದು. ಸುತ್ತಲಿನ ಊರಿನವರು ಬಂದು ನೋಡಿದರು, ಕೇಳಿ ಹಾಕಿಸಿಕೊಂಡರು. ಮೊದಲು ಮನೆಯ ಅಡಿಗೆ, ಆಮೇಲೆ ಕಣಕ್ಕೆ, ಹೊಲದ ದಾರಿಗೆ, ಬದುವಿಗೆ, ಕೃಷಿಹೊಂಡಕ್ಕೆ. ಹೊಲಗಳನ್ನೇ ಗುತ್ತಿಗೆ ಹಿಡಿದು ಬಿಸಿಲಿನ ವಿದ್ಯುತ್ ಮಾಡುವ ಕಂಪನಿಗಳು ಬಂದವು; ಅವು ಸೌರ ಹಲಗೆ ನಿಲ್ಲಿಸಲು ಹೊಲಕ್ಕೆ ಹೊಲವನ್ನೇ ಬಿಗಿಸಿದವು. ಪೇಟೆಗಳ ಕಸ ಲಾರಿಗಟ್ಟಲೆ ಎರೆ ಸೀಮೆಯ ನೆಲದೊಳಗೆ ಹೋಯಿತು. ಪೇಟೆ ಸ್ವಚ್ಛವಾಯಿತು, ಹಳ್ಳಿ ಗಟ್ಟಿಯಾಯಿತು, ಸಿಂಚನಾಳ ಹೆಸರು ಪಠ್ಯಪುಸ್ತಕಕ್ಕೆ ಬಂತು.

ನಡುವೆ ಶೇಖಪ್ಪನ ಹೆಂಡತಿ ನೀಲವ್ವ ತೀರಿಕೊಂಡಳು. ಗುದ್ದಲಿ ತಾಗದ ನೆಲದಲ್ಲಿ ಕುಣಿ ತೆಗೆಯಲು ಕಲ್ಲು ಒಡೆಯುವ ಯಂತ್ರ ತರಿಸಬೇಕಾಯಿತು. ಮುತ್ತೈದೆಯಾಗಿ ಹೋದವಳು, ಮೈ ತುಂಬ ಅರಿಶಿನ ಹಚ್ಚಿ, ಇಳಕಲ್ ಸೀರೆ ಉಡಿಸಿ ಕೂರಿಸಿದರು. ಒಡೆದ ತುಂಡುಗಳನ್ನೇ ಮತ್ತೆ ತುಂಬಿ ನೀರು ಚಿಮುಕಿಸಿದರು. ವಾರದೊಳಗೆ ನೆಲ ಬೆಸೆದುಕೊಂಡಿತು. ಶೇಖಪ್ಪ ಅಳುತ್ತಲೇ ಗದ್ದುಗೆಯ ಕಲ್ಲು ತಟ್ಟಿ, “ಇನ್ನ ಯಾರೂ ನಿನ್ನ ಬಗ್ಗಿ ನೋಡಂಗಿಲ್ಲ ಬಿಡು,” ಎಂದ.

ಅವಳು ಹೋದ ಮೇಲೆ ಹನ್ನೆರಡು ಮಳೆಗಾಲ ಕಳೆದವು. ಶೇಖಪ್ಪನ ಮೀಸೆ ಬೆಳ್ಳಗಾಯಿತು, ಸಿಟ್ಟು ಮಾತ್ರ ಕಪ್ಪಾಗಿಯೇ ಉಳಿಯಿತು. ಅವನ ಮಗ ಪ್ರಜ್ವಲ ಈಗ ಪಂಚಾಯಿತಿ ಅಧ್ಯಕ್ಷ. ಒಂದು ಬೆಳಿಗ್ಗೆ ಶೇಖಪ್ಪನ ತಮ್ಮ ಬಸಣ್ಣ ಚಹಾ ಕುಡಿಯುತ್ತ ಕೂತಲ್ಲೇ ಹೋದ. ಮನೆಯವರ ಸಾಲು ಎಂದು ನೀಲವ್ವನ ಪಕ್ಕದಲ್ಲೇ ಕುಣಿ ತೆಗೆಯಲು ಹೇಳಿದರು. ಯಂತ್ರ ನಡೆಸುವ ಇಮ್ತಿಯಾಜ್ ಅರ್ಧ ಅಗೆದವನು ಒಮ್ಮೆಲೇ ನಿಲ್ಲಿಸಿ ಕೆಳಗಿಳಿದು ಬಂದ.

“ಅಜ್ಜಾರ, ಬಾಜೂಕಿನ ಗ್ವಾಡಿ ಒಡದೈತ್ರಿ. ನೀವ ಬಂದು ನೋಡ್ರಿ. ನಾ ನೋಡಂಗಿಲ್ಲ.”

ಎರಡು ಕುಣಿಗಳ ನಡುವೆ ಒಂದು ಕಿಂಡಿಯಾಗಿತ್ತು. ಶೇಖಪ್ಪ ಕುಣಿಗಿಳಿದ. ಮೊದಲು ಕೈಗೆ ಸಿಕ್ಕಿದ್ದು ಒಂದು ಬಿಲ್ವಪತ್ರೆ. ಮೂರು ದಳವೂ ಇದ್ದವು. ಒಣಗಿತ್ತು, ಆದರೆ ಹಸಿರಿತ್ತು. ಕಿಂಡಿಯೊಳಗೆ ಇಳಕಲ್ ಸೀರೆಯ ಕೆಂಪು ಸೆರಗು ಕೆಂಪಾಗಿಯೇ ಕಂಡಿತು. ಸೆರಗಿನ ಅಂಚಿನಲ್ಲಿ ಬೆರಳು. ಬೆರಳ ಉಗುರಿನ ಸುತ್ತ ಅರಿಶಿನ.

ಅವನು ಮೇಲೆ ಬಂದ. ಆಮೇಲೆ ಇಳಿದು ನೋಡಿದವರು ಇಬ್ಬರು. ಮೂರನೆಯವನು ಕುಣಿಯೊಳಗೇ ಅಡ್ಡಬಿದ್ದ. “ನೀಲವ್ವಾಯಿ ಶರಣಿ ಆಗ್ಯಾಳೋ!” ಎಂದು ಕೂಗಿದ. ಮಾತು ಊರಿಗೆ ಮುಟ್ಟಲು ಎಷ್ಟು ಹೊತ್ತು? ಹೆಂಗಸರು ಕಾಯಿ, ಕರ್ಪೂರ, ಊದುಬತ್ತಿ ಹಿಡಿದು ಬಂದರು. ಬಸಣ್ಣನ ಹೆಣದ ಮುಂದೆ ಭಜನೆ ಹಾಡುತ್ತಿದ್ದವರು ತಾಳ ಹಿಡಿದುಕೊಂಡೇ ಓಡಿಬಂದರು. ಪಾಪ, ಕುರ್ಚಿಯ ಮೇಲೆ ಕೂರಿಸಿ ಕಟ್ಟಿದ್ದ ಬಸಣ್ಣನ ಹೆಣ ಒಂದೇ ಉಳಿಯಿತು.

“ಇಷ್ಟು ವರ್ಷ ಆದ್ರೂ ಮೈ ಕೆಟ್ಟಿಲ್ಲ ಅಂದ್ರ ಸಾಮಾನ್ಯ ಜೀವ ಅಲ್ಲಪಾ ಅದು,” ಎಂದಳು ಒಬ್ಬ ಮುದುಕಿ.

“ಶರಣಿ ಅಲ್ಲಬೇ!” ಶೇಖಪ್ಪ ಕಿರುಚಿದ. “ಸಿಕ್ಕೊಂಡಾಳ. ಮಣ್ಣಿಗೆ ಹೋಗಾಕ ಆಗದ ಸಿಕ್ಕೊಂಡಾಳ ಆಕಿ. ಕಾಯಿ ಒಡ್ಯಾಕ ಬಂದೀರೇನು? ಉಸುರು ಕಟ್ಟಿದ ಕ್ವಾಣ್ಯಾಗ ಯಾರನರ ಕೂಡಿಸಿ ಊದಿನಕಡ್ಡಿ ಹಚ್ಚತೀರೇನ ನೀವು?”

ಯಾರೂ ಕೇಳಿಸಿಕೊಳ್ಳಲಿಲ್ಲ. ಮುದುಕನಿಗೆ ತಮ್ಮನ ಸಾವಿನಲ್ಲಿ ತಲೆ ಕೆಟ್ಟಿದೆ ಎಂದರು. ಅವನು ಫೋನು ತೆಗೆದು ಸಿಂಚನಾಳಿಗೆ ಹಚ್ಚಿದ. “ನೀ ಈಗಿಂದೀಗ ಬರಬೇಕು. ಕಾರ್ಯಕ್ರಮ ಐತಿ ಗೀರ್ಯಕ್ರಮ ಐತಿ ಅನಬ್ಯಾಡ.”

ಮಧ್ಯಾಹ್ನದ ಹೊತ್ತಿಗೆ ಅವಳು ಬಂದಳು. ಕೂದಲಲ್ಲಿ ಬಿಳಿ ಎಳೆಗಳು, ಕಾರಿನ ಮೇಲೆ ಸರಕಾರದ ಬಾವುಟ. ಇಡೀ ಕೃಷ್ಣಾ ಸೀಮೆಯ ನೆಲ ಬಿಗಿಸುವ ಯೋಜನೆ ಆ ವಾರವೇ ಒಪ್ಪಿಗೆಗೆ ಕಾದಿತ್ತು. ರುದ್ರಭೂಮಿಯ ಬಾಗಿಲಲ್ಲೇ ಪ್ರಜ್ವಲ ಅವಳನ್ನು ತಡೆದ.

“ಮೇಡಂ, ನೀವೇನೂ ಹೇಳಬ್ಯಾಡ್ರಿ. ಸುಮ್ಮ ಕೈ ಮುಗದು ಹೋಗ್ರಿ. ಇಲ್ಲೊಂದು ಮಠ ಆದ್ರ ಊರಿಗೂ ಛಲೋ. ನಿಮ್ಮ ಯೋಜನೆಗೂ ಛಲೋ.”

“ನಿಮ್ಮವ್ವರೀ ಆಕಿ,” ಎಂದಳು ಸಿಂಚನಾ.

“ಅದಕ್ಕ ಹೇಳಾಕತ್ತೀನ್ರಿ,” ಎಂದ ಪ್ರಜ್ವಲ. ಆದರೆ ಕಣ್ಣು ತಪ್ಪಿಸಿದ.

ಅವಳು ಕುಣಿಗಿಳಿದು, ದೀಪ ಹಿಡಿದು ಒಳಗೆ ನೋಡಿ, ಗೋಡೆಯ ಒಂದು ತುಂಡನ್ನು ಕೈಯಲ್ಲಿ ಹಿಡಿದು ಮೇಲೆ ಬಂದಳು. ಶೇಖಪ್ಪ ಪಕ್ಕದ ಕಲ್ಲಿನ ಮೇಲೆ ಕೂತಿದ್ದ. ಅವಳೂ ನೆಲದ ಮೇಲೆ ಕೂತಳು.

“ಹೆಣ ಮಣ್ಣಾಗಬೇಕಂದ್ರ ಗಾಳಿ ಬೇಕು, ತೇವ ಬೇಕು, ಹುಳ ಬೇಕು, ಕೊಳೆಸೂ ಜೀವಿ ಬೇಕು, ಅಜ್ಜಾರ,” ಎಂದಳು. “ನನ್ನ ಮಣ್ಣಾಗ ಗಾಳಿ ಹೋಗಂಗಿಲ್ಲ. ಸುಣ್ಣದ ಖಾರಕ್ಕ ಬ್ಯಾರೆ ಯಾವ ಜೀವಿನೂ ಬದುಕಂಗಿಲ್ಲ. ಎರಿ ನೆಲ ಬಿರೀತಿತ್ತಲ್ಲ, ಅದು ಬ್ಯಾನಿ ಅಂತ ತಿಳದಿದ್ದೆ ನಾ. ಅದು ಉಸುರು ಆಡತಿತ್ತು. ಬ್ಯಾಸಗಿಗೆ ಮ್ಯಾಲಿನ ಮಣ್ಣು ಬಿರುಕಿನಾಗ ಬಿದ್ದು, ಮಳಿಗಾಲಕ್ಕ ಕೆಳಗಿಂದು ಮ್ಯಾಲ ಬಂದು, ತನ್ನನ್ನ ತಾನ ಉಳಕೋತಿತ್ತು.”

“ಇನ್ನೆಷ್ಟು ವರ್ಷ ಹಿಂಗ ಕುಂದರತಾಳ ಆಕಿ?”

“ಗೊತ್ತಿಲ್ರಿ. ನೂರು. ಇನ್ನೂರು. ಹೆಚ್ಚೂ ಇರಬಹುದು.”

ಶೇಖಪ್ಪನ ಅಜ್ಜ ಮಣ್ಣಾಗಿದ್ದ, ಅಪ್ಪ ಮಣ್ಣಾಗಿದ್ದ. ಹೊಳೆಯ ಅಡಿಯಲ್ಲಾದರೂ ಮಣ್ಣೇ ಆಗಿದ್ದರು. ಅವ್ವನೂ ಬಿಗಿಮಣ್ಣು ಬರುವ ಮೊದಲೇ ಮಣ್ಣಾಗತೊಡಗಿದ್ದಳು. ನೀಲವ್ವ ಮಾತ್ರ ಉಗುರಿನ ಅರಿಶಿನ ಸಮೇತ ಕತ್ತಲಲ್ಲಿ ಕೂತು, ಯಾವ ಕಡೆಗೂ ಹೋಗದೆ, ಅವನ ಮೊಮ್ಮಕ್ಕಳ ಮೊಮ್ಮಕ್ಕಳ ಕಾಲದವರೆಗೆ ಹಾಗೇ ಇರಬೇಕು. ಹಾಗೆ ಕೂರಿಸಿದವನು ತಾನೇ.

“ಬಿಡಿಸಾಕ ಏನರ ಔಷಧ ಐತೇನು?”

“ಇಲ್ರಿ. ಬಿಗಿಸಿ ಕೊಡ್ರಿ ಅಂತ ಎಲ್ಲಾರೂ ಬಂದ್ರು. ಬಿಚ್ಚಿ ಕೊಡ್ರಿ ಅಂತ ಯಾರೂ ಕೇಳಲಿಲ್ಲ. ನಾನೂ ಹುಡುಕಲಿಲ್ಲ.”

“ಹಂಗಾದ್ರ ಏಳು. ಮಂದಿಗೆ ಹೇಳು. ಅವತ್ತು ನೀ ಮೆಲ್ಲಕ ಹೇಳಿದಿ, ನಾ ಜೋರ ಮಾಡಿ ನಿನ್ನ ಬಾಯಿ ಮುಚ್ಚಿಸಿದೆ. ಇವತ್ತು ನೀ ಜೋರಾಗಿ ಹೇಳು. ಯಾವನಾರ ಅಡ್ಡ ಬಾಯಿ ಹಾಕಿದ್ರ ನಾ ನೋಡ್ಕೋತೀನಿ.”

ಸಿಂಚನಾ ಎದ್ದು ನಿಂತಳು. ಕರ್ಪೂರದ ಹೊಗೆಯ ನಡುವೆ, ಎಷ್ಟೋ ಫೋನುಗಳು ತನ್ನ ಕಡೆ ತಿರುಗಿರುವುದನ್ನು ನೋಡಿಯೂ ಹೇಳಿದಳು. ಇದು ಪವಾಡವಲ್ಲ, ತನ್ನ ತಪ್ಪು. ಈ ನೆಲದಲ್ಲಿ ಯಾರನ್ನು ಕೂರಿಸಿದರೂ ಹೀಗೆಯೇ ಉಳಿಯುತ್ತಾರೆ. ಒಳ್ಳೆಯವರೂ ಉಳಿಯುತ್ತಾರೆ, ಕೆಟ್ಟವರೂ ಉಳಿಯುತ್ತಾರೆ. ಬೇಕಾದರೆ ಊರಿಗೆ ಬಡ್ಡಿಗೆ ಕೊಟ್ಟು ಜೀವ ಹಿಂಡಿದ್ದ ಮರಿಕಲ್ಲಪ್ಪನ ಕುಣಿಯನ್ನೂ ತೆಗೆದು ನೋಡಬಹುದು ಎಂದು ಹಿಂದಿನಿಂದ ಶೇಖಪ್ಪ ಸೇರಿಸಿದ. ಒಬ್ಬಿಬ್ಬರು ನಕ್ಕರು. ನಕ್ಕವರೇ ಸುಮ್ಮನಾದರು, ಯಾಕೆಂದರೆ ಪ್ರತಿಯೊಬ್ಬರಿಗೂ ಬಿಗಿಮಣ್ಣು ಬಂದ ಮೇಲೆ ತಾವು ಇಲ್ಲಿ ಕೂರಿಸಿ ಹೋದ ಯಾರೋ ಒಬ್ಬರು ನೆನಪಾದರು. ಕಾಯಿ ಹಿಡಿದು ಬಂದಿದ್ದ ಮುದುಕಿ ಅದನ್ನು ಒಡೆಯಲಿಲ್ಲ, ಸೆರಗಿನಲ್ಲಿ ಮುಚ್ಚಿಕೊಂಡಳು. ಅವಳ ಮಗ ಹೋಗಿ ಮೂರು ವರ್ಷವಾಗಿತ್ತು.

ನೀಲವ್ವನನ್ನು ಎತ್ತಿ ಬೇರೆ ಕಡೆ ಕೂರಿಸೋಣ ಎಂದರು ಕೆಲವರು. ಲಿಂಗ ಹಿಡಿದು ಕೂತವಳನ್ನು ಎಬ್ಬಿಸಲು ಶೇಖಪ್ಪ ಒಪ್ಪಲಿಲ್ಲ.

“ಎಬ್ಬಿಸೂದು ಬ್ಯಾಡ,” ಎಂದಳು ಸಿಂಚನಾ. “ಎರಡೂ ಕುಣಿ ನಡುವಿನ ಗ್ವಾಡಿ, ಆಕಿ ಸುತ್ತಲಿನ ಬಿಗಿಮಣ್ಣು ಎಲ್ಲಾ ಒಡದು ಹೊರಗ ಹಾಕೂಣು. ಆ ಜಾಗಾಕ್ಕ ಏನೂ ಬೆರಸದ ಹಸಿ ಎರಿ ಮಣ್ಣು ತುಂಬೂಣು. ಅದರಾಗ ನನ್ನ ಜೀವಿಗೆ ತಿನ್ನಾಕ ಏನೂ ಸಿಗಂಗಿಲ್ಲ, ಬೆಸಿಯಾಕ ಆಗಂಗಿಲ್ಲ. ಬಸಣ್ಣಾರನ್ನೂ ಅದರಾಗ ಕೂಡಿಸೂಣು.”

ಹಸಿ ಎರೆ ಮಣ್ಣು! ಎರೆ ಸೀಮೆಯಲ್ಲಿ ಹುಟ್ಟಿದವರಿಗೆ ಇದೇನು ದೊಡ್ಡ ಮಾತು ಅನ್ನಿಸಿತು. ಟ್ರ್ಯಾಕ್ಟರ್ ಹತ್ತಿ ಹೊರಟವರು ಒಂದು ತಾಸಿನ ಮೇಲೆ ಬರಿಗೈಯಲ್ಲಿ ತಿರುಗಿ ಬಂದರು. ಬದುಗಳು ಬಿಗಿಮಣ್ಣು, ದಾರಿಗಳು ಬಿಗಿಮಣ್ಣು. ವಿದ್ಯುತ್ ಕಂಪನಿಯ ಬೇಲಿಯೊಳಗೆ ಅದೇ. ಉಳುವ ಹೊಲಗಳಿಗೂ ಬದುವಿನಿಂದ ವರ್ಷ ವರ್ಷ ಮಳೆನೀರಿನ ಜೊತೆ ಅದರ ಸುಣ್ಣವೂ ಜೀವಿಯೂ ಇಳಿದು ಸೇರಿದ್ದವು. ಸಿಂಚನಾ ಸೀಸೆಯಲ್ಲಿ ಹಾಕಿ ನೋಡಿದ ಪ್ರತಿ ಹಿಡಿಯಲ್ಲೂ ಬಿಗಿಮಣ್ಣಿನ ಸುಣ್ಣ. ಅವಳ ಮುಖ ಇಳಿಯುತ್ತ ಬಂತು. ಅತ್ತ ಬಸಣ್ಣನ ಹೆಂಡತಿ, “ಎಷ್ಟೊತ್ತು ಕುಂದ್ರಸ್ತೀರಿ ಅವರನ್ನ? ಹೊತ್ತು ಇಳಿಯಾಕತ್ತೈತಿ,” ಎಂದು ಹೇಳಿ ಕಳಿಸಿದಳು.

ಆಗ ಇಮ್ತಿಯಾಜನೇ ಅಂದ, “ಗೌಡ್ರ ಜಗಳದ ಹೊಲ ಐತಲ್ರಿ?”

ಚನ್ನನಗೌಡ, ಪರ್ವತಗೌಡ ಎಂಬ ದಾಯಾದಿಗಳು ಆ ಹೊಲಕ್ಕಾಗಿ ಎರಡು ತಲೆಮಾರಿನಿಂದ ಕೋರ್ಟಿಗೆ ಅಲೆಯುತ್ತಿದ್ದರು. ಯಾರೂ ಉಳುವಂತಿಲ್ಲ, ಕಟ್ಟುವಂತಿಲ್ಲ, ಮುಟ್ಟುವಂತಿಲ್ಲ ಎಂದು ತಡೆಯಾಜ್ಞೆ ಇತ್ತು. ಹೊಲ ದಿಬ್ಬದ ಮೇಲಿದ್ದುದರಿಂದ ಯಾರ ಬದುವಿನ ನೀರೂ ಅಲ್ಲಿಗೆ ಹೋಗಿರಲಿಲ್ಲ. ಸಿಂಚನಾ ಹೋಗಿ ನೋಡಿದಳು. ಜಾಲಿ ಬೆಳೆದಿತ್ತು, ಇರುವೆ ಗೂಡು ಕಟ್ಟಿತ್ತು, ನೆಲ ಮೊಣಕೈ ಇಳಿಯುವಷ್ಟು ಬಿರಿದಿತ್ತು. ಅವಳು ಬಿರುಕಿನಲ್ಲಿ ಕೈ ಇಳಿಸಿ, ತಳದ ತಣ್ಣನೆಯ ಮಣ್ಣನ್ನು ಹಿಡಿದು ತೆಗೆದು ಮೂಸಿದಳು. ಅದರಲ್ಲೊಂದು ಎರೆಹುಳ ಹೊರಳಾಡುತ್ತಿತ್ತು. ಸೀಸೆಯ ಪರೀಕ್ಷೆ ಬೇಕಾಗಲಿಲ್ಲ.

ಇಬ್ಬರು ಗೌಡರನ್ನೂ ಕರೆಸಿದರು. ಒಬ್ಬ ಬದುವಿನ ಈ ಕಡೆ ನಿಂತ, ಒಬ್ಬ ಆ ಕಡೆ.

“ಮಣ್ಣು ಒಯ್ಯಾಕ ನಂದೇನೂ ತಕರಾರಿಲ್ಲ,” ಎಂದ ಚನ್ನನಗೌಡ. “ಆದ್ರ ಅವನ ಕಡೆಯಿಂದ ಒಯ್ದ್ರ ನಾಳೆ ಅದು ಅವನ ಕಡಿ ಅಂತ ಒಪ್ಪಿದಂಗ ಆಕ್ಕೈತಿ.”

“ನಿನ್ನ ಕಡಿ ಅಂಬೂದು ಎಲ್ಲೈತೋ?” ಪರ್ವತಗೌಡ ಎಗರಿದ. “ನಿಮ್ಮಪ್ಪ ಹೊಟ್ಟ್ಯಾಗ ಇಟಗೊಂಡು ಬಂದಿದ್ದನೇನು?”

“ನಮ್ಮಪ್ಪನ ಸುದ್ದಿ ಎತ್ತಿದ್ರ ನೋಡು ಮತ್ತ—”

“ಏ!” ಶೇಖಪ್ಪ ನಡುವೆ ನುಗ್ಗಿದ. ಈ ಸಲ ಅವನು ಗದರಲಿಲ್ಲ. ಬಗ್ಗಿ ಇಬ್ಬರ ಎದುರೂ ಸೆರಗೊಡ್ಡುವ ಹಾಗೆ ಶಲ್ಯ ಒಡ್ಡಿದ. ಯಾರ ಮುಂದೆಯೂ ಕೈ ಒಡ್ಡಿದ ಮನುಷ್ಯನಲ್ಲ ಅವನು. “ನೀಲವ್ವಗ ಒಂದಿಷ್ಟು ಮಣ್ಣು ಕೊಡ್ರೆಪಾ. ಆಕಿ ಇನ್ನೂ ಮಣ್ಣು ಕಂಡಿಲ್ಲ.”

ಪರ್ವತಗೌಡ, “ಜಜ್ಜಸಾಹೇಬ ಕೇಳಿದ್ರ ಏನು ಹೇಳೂದು?” ಎಂದ. “ಇಬ್ಬರೂ ಕೂಡಿ ಕದ್ವಿ ಅಂತ ಹೇಳೂದು,” ಎಂದ ಚನ್ನನಗೌಡ. ಮೊದಲ ಬುಟ್ಟಿಯನ್ನು ಇಬ್ಬರೂ ಒಂದೊಂದು ಕಡೆ ಹಿಡಿದು ಎತ್ತಿದರು. ಎತ್ತುವಾಗಲೂ ಒಬ್ಬರನ್ನೊಬ್ಬರು ನೋಡಲಿಲ್ಲ.

ಸೂರ್ಯ ಮುಳುಗುವ ಮುಂಚೆ ಎರಡೂ ಕುಣಿ ತುಂಬಿದವು. ಬಸಣ್ಣನಿಗೆ ಕೊಟ್ಟ ಹಿಡಿಮಣ್ಣನ್ನೇ ಮಂದಿ ನೀಲವ್ವನಿಗೂ ಕೊಟ್ಟರು. ಹನ್ನೆರಡು ವರ್ಷದ ಮೇಲೆ ಎರಡನೆಯ ಸಲ. ಪ್ರಜ್ವಲ ಕೊನೆಗೆ ಬಂದ. ಹಿಡಿ ತುಂಬಿಕೊಂಡವನು ಹಾಕಲಾಗದೆ ನಿಂತ. ಶೇಖಪ್ಪ ಅವನ ಮಣಿಕಟ್ಟು ಹಿಡಿದು ಬಗ್ಗಿಸಿದ.

ಸಿಂಚನಾಳ ಮಾತು ಊರಿಂದೂರಿಗೆ ಹೋಯಿತು. ಕೃಷ್ಣಾ ಸೀಮೆಯ ಯೋಜನೆ ನಿಂತಿತು. ಅವಳನ್ನು ಹೊಗಳಿದ ಬಾಯಿಗಳೇ ಬೈದವು, ಪಠ್ಯಪುಸ್ತಕದಿಂದ ಹೆಸರು ಹೋಯಿತು. ಬಿಗಿಸಿದ್ದನ್ನು ಬಿಚ್ಚುವ ಜೀವಿಯನ್ನು ಹುಡುಕುತ್ತ ಅವಳು ಮತ್ತೆ ಪ್ರಯೋಗಶಾಲೆಯ ಬೆಂಚಿಗೆ ಮರಳಿದಳು, ಅದಿನ್ನೂ ಸಿಕ್ಕಿಲ್ಲ. ಎರಡು ಮಳೆಗಾಲದ ಮೇಲೆ ಅವಳು ಎಮ್ಮಿಗೇರಿಗೆ ಬಂದಾಗ ಶೇಖಪ್ಪ ಕೋಲೂರಿಕೊಂಡು ರುದ್ರಭೂಮಿಗೆ ಕರೆದೊಯ್ದ. ಇಡೀ ಬೂದು ನೆಲದಲ್ಲಿ ಆ ಎರಡು ಕುಣಿಗಳ ಮೇಲೆ ಮಾತ್ರ ಹುಲ್ಲು ಹುಟ್ಟಿತ್ತು.

“ಅಗದು ನೋಡೂಣೇನ್ರಿ?” ಎಂದಳು ಅವಳು. ವಿಜ್ಞಾನಿಯಾಗಿ ಕೇಳಲೇಬೇಕಿತ್ತು.

“ಬ್ಯಾಡ. ಹುಲ್ಲು ಸುಳ್ಳು ಹೇಳಂಗಿಲ್ಲ,” ಎಂದ ಶೇಖಪ್ಪ. ಆಮೇಲೆ, “ನನ್ನ ಸಲುವಾಗಿ ಒಂದು ಟ್ರಾಲಿ ಹಸಿ ಮಣ್ಣು ತರಿಸಿ ಇಟ್ಟೀನಿ,” ಎಂದ.

ಬಿಗಿಮಣ್ಣನ್ನು ಮಂದಿ ಬಿಟ್ಟುಬಿಡಲಿಲ್ಲ. ಅದರ ಮೇಲೆ ಮನೆಗಳು ನಿಂತಿದ್ದವು, ಬಿಡುವ ಹಾಗಿರಲಿಲ್ಲ. ಆದರೆ ಪ್ರತಿ ಊರೂ ತನ್ನಲ್ಲಿ ಹಸಿ ಮಣ್ಣು ಎಲ್ಲಿ ಉಳಿದಿದೆ ಎಂದು ಹುಡುಕತೊಡಗಿತು. ಹಲವು ಊರುಗಳಿಗೆ ಏನೂ ಸಿಗಲಿಲ್ಲ. ಸಾವಾದ ಮನೆಯವರು ಟ್ರ್ಯಾಕ್ಟರ್ ತೆಗೆದುಕೊಂಡು ಎಮ್ಮಿಗೇರಿಯ ಗೌಡರ ಬಾಗಿಲಿಗೆ ಬಂದು ಕಾಯತೊಡಗಿದರು. ಇಬ್ಬರು ಗೌಡರೂ ಒಟ್ಟಿಗೆ ಹೊರಗೆ ಬಂದು ಒಪ್ಪಿಗೆ ಕೊಡಬೇಕು, ಆಮೇಲೆ ಬುಟ್ಟಿ ತುಂಬಬೇಕು. ವ್ಯಾಜ್ಯ ಇನ್ನೂ ನಡೆದಿದೆ. ತೀರ್ಪು ಬಾರದಿರಲಿ ಎಂದು ಸುತ್ತಲಿನ ಜನ ಬೇಡಿಕೊಳ್ಳುತ್ತಾರೆ.

ಎರಡು ಸಾವಿರದ ಐವತ್ತರ ಆ ದಿನಗಳು ಬರಲು ನಮಗಿನ್ನೂ ಸಮಯವಿದೆ. ಸದ್ಯಕ್ಕೆ ಎರೆ ಮಣ್ಣಿಗೆ ಯಾರ ಅಪ್ಪಣೆಯೂ ಬೇಕಿಲ್ಲ. ಮಳೆ ಬಿದ್ದ ದಿನ ಹೊಲದಿಂದ ಬಂದವರು, ಹೆಜ್ಜೆ ಹೆಜ್ಜೆಗೂ ಚಪ್ಪಲಿಗೆ ಮೆತ್ತಿಕೊಂಡು ಬಂದ ಅದನ್ನು ಬೈಯುತ್ತ, ಕಟ್ಟೆಯ ಅಂಚಿಗೆ ತಿಕ್ಕಿ ಕೆಡವಿ ಒಳಗೆ ಹೋಗುತ್ತಾರೆ.